ಪಾಪಾಸುಕಳ್ಳಿಯೂ ಬಾವಿನ ಪರೀಕ್ಷೆಯೂ

ನರಗುಂದದ ಎರೆಭೂಮಿಯ ಒಕ್ಕಲಿಗರು ಕಳ್ಳಿಯೆಂದು ಕರೆಯುವ ಗಿಡಗಳೆಲ್ಲವೂ ಒಂದೇ ಕುಲದವಲ್ಲ. ಮುರಿದೊಡನೆ ಹಾಲು ಒಸರುವ ಕಳ್ಳಿಗಳು ಬೇರೆ. ಆ ಹಾಲು ಚರ್ಮವನ್ನು ಸುಡುವುದು, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವುಂಟು. ಅಂಗೈಯಂತೆ ಚಪ್ಪಟೆಯಾಗಿದ್ದು ಲೋಳೆರಸವುಳ್ಳ ಪಾಪಾಸುಕಳ್ಳಿಯು ಅಮೇರಿಕಾ ಖಂಡದಿಂದ ಬಂದುದು. ಇದರ ಮುಳ್ಳು ತೆಗೆದು, ಸೀಳಿ, ಬೆಚ್ಚಗೆ ಮಾಡಿ, ಬಾತ ಕೀಲಿಗೆ ಕಟ್ಟುವುದು ಹಳೆಯ ಮನೆಮದ್ದು.

ಇಂಥ ಮದ್ದನ್ನು ಪರೀಕ್ಷಿಸುವ ಕ್ರಮವು ಹೀಗಿದೆ. ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ವಸ್ತುವನ್ನು ಇಲಿಯ ಪಾದಕ್ಕೆ ಚುಚ್ಚಿದರೆ ಕೆಲವು ತಾಸುಗಳಲ್ಲಿ ಬಾವು ಏರುವುದು. 1962ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ, ಮದ್ದು ಕೊಟ್ಟ ಇಲಿಗಳ ಬಾವನ್ನೂ ಕೊಡದವುಗಳ ಬಾವನ್ನೂ ಅಳೆದು ಹೋಲಿಸುವರು. ನೋವಿನ ಪರೀಕ್ಷೆಗೆ ಸಣ್ಣ ಇಲಿಗಳ ಹೊಟ್ಟೆಗೆ ಅಸಿಟಿಕ್ ಆಮ್ಲದ ತೆಳುವಾದ ದ್ರಾವಣವನ್ನು ಚುಚ್ಚಿ, ಅವು ಎಷ್ಟು ಸಲ ಮೈ ಹಿಂಡಿಕೊಳ್ಳುವುವೆಂದು ಎಣಿಸುವರು. ಪಾಪಾಸುಕಳ್ಳಿಯ ಒಂದು ಜಾತಿಯ ಕಾಂಡ ಮತ್ತು ಹಣ್ಣುಗಳಿಂದ ಮದ್ಯಸಾರದಲ್ಲಿ ಇಳಿಸಿದ ಸಾರವು ಈ ಎರಡನ್ನೂ ತಗ್ಗಿಸಿತೆಂದು ಕೊರಿಯಾ ದೇಶದ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಕಾಂಡದಲ್ಲಿ ಬಾವನ್ನು ತಗ್ಗಿಸುವ ಅಂಶವು ಬೀಟಾ-ಸಿಟೊಸ್ಟೆರಾಲ್ ಎಂದು 2001ರಲ್ಲಿ ಗುರುತಿಸಲಾಯಿತು.

ಇಷ್ಟರಿಂದಲೇ ಮನೆಮದ್ದು ಸಿದ್ಧವಾಯಿತೆಂದು ತಿಳಿಯಲಾಗದು. ಪರೀಕ್ಷಿಸಿದ ಜಾತಿಯೇ ಹೊಲದ ಬೇಲಿಯಲ್ಲಿರುವುದೆಂಬ ನಿಶ್ಚಯವಿಲ್ಲ. ಇಳಿಸಿದ ಸಾರವು ಬೇರೆ, ಬಿಸಿಮಾಡಿದ ತುಂಡು ಬೇರೆ. ಇಲಿಯ ಮೈ ಬೇರೆ, ಮನುಷ್ಯನ ಮೈ ಬೇರೆ. ಬರಿಯ ಕಾವಿನಿಂದಲೂ ನೋವು ಕೆಲಮಟ್ಟಿಗೆ ಶಮನವಾಗುವುದುಂಟು.

ಆದುದರಿಂದ ಒಕ್ಕಲಿಗರು ಹಾಲುಗಳ್ಳಿಯನ್ನು ಎಂದಿಗೂ ಬಳಸಕೂಡದು. ಪಾಪಾಸುಕಳ್ಳಿಯ ಕೂದಲಿನಂಥ ಸೂಕ್ಷ್ಮ ಮುಳ್ಳುಗಳನ್ನು ಪೂರ್ಣವಾಗಿ ತೆಗೆಯದೆ ಮೈಗೆ ತಾಗಿಸಕೂಡದು. ತೆರೆದ ಗಾಯಕ್ಕೆ ಕಟ್ಟಕೂಡದು. ಬಾವಿನೊಡನೆ ಜ್ವರವಾಗಲಿ ಕೀವಾಗಲಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.