ಗಡಿಯ ಮನೆತನಗಳೂ ಬದಲಾದ ಕಾಯಿದೆಗಳೂ

ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ಅಕ್ಟೋಬರ್ ಕೊನೆಯವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದವೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ಬೆರಗಾಗುತ್ತಾರೆ. ಆ ವರ್ಷದ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೂ, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೂ ಸೇರಿದವು. ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್, ನಾರಾಯಣಪೇಟೆಗಳೂ ಆಂಧ್ರದ ಪಾಲಾದವು. ಗೆರೆ ಬಿದ್ದರೂ ಬೀಗತನ ನಿಲ್ಲಲಿಲ್ಲ. ಮಕ್ತಲದ ಹೆಣ್ಣನ್ನು ರಾಯಚೂರಿಗೆ ಕೊಡುವುದು, ಯಾದಗಿರಿಯ ಹೆಣ್ಣನ್ನು ನಾರಾಯಣಪೇಟೆಗೆ ತರುವುದು ಇಂದಿಗೂ ನಡೆದೇ ಇದೆ. ಕೆಲವು ಮನೆತನಗಳ ಹೊಲ ಗಡಿಯ ಎರಡೂ ಕಡೆಗೆ ಇರುವುದುಂಟು. ಇಂಥ ಮನೆಗಳಲ್ಲಿ ಕಾಯಿದೆ ಹೇಗೆ ನಡೆದುಬಂದಿದೆ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಮುಖ್ಯವಾದುದು ಹೆಣ್ಣುಮಕ್ಕಳ ಪಾಲಿನ ಪ್ರಶ್ನೆ. ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕೆಂದು ಆಂಧ್ರಪ್ರದೇಶವು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಮಾಡಿತು. ಅದು 1985ರ ಸೆಪ್ಟೆಂಬರ್ 5ರಿಂದ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಅದೇ ಬಗೆಯ ತಿದ್ದುಪಡಿ ಬಂದುದು 1994ರ ಜುಲೈ 30ರಂದು. ಎರಡರಲ್ಲಿಯೂ ಒಂದು ಕಟ್ಟು ಇತ್ತು: ಆ ದಿನಕ್ಕೆ ಮುಂಚೆ ಮದುವೆಯಾದ ಮಗಳಿಗೆ ಈ ಹಕ್ಕಿಲ್ಲ. ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮಕ್ತಲದ ಒಬ್ಬ ರೈತನ ಮಗಳ ಮದುವೆ 1988ರಲ್ಲಿ ಆಯಿತೆನ್ನಿ. ತಂದೆಯ ಪಿತ್ರಾರ್ಜಿತ ಹೊಲ ಮಕ್ತಲದಲ್ಲಿ ಒಂದಿಷ್ಟು, ರಾಯಚೂರು ಸೀಮೆಯಲ್ಲಿ ಒಂದಿಷ್ಟು. ಮಕ್ತಲದ ಹೊಲದಲ್ಲಿ ಅವಳು ಅಣ್ಣತಮ್ಮಂದಿರಿಗೆ ಸಮಪಾಲುಗಾರ್ತಿ. ಕರ್ನಾಟಕದ ತಿದ್ದುಪಡಿಯಂತೆ ರಾಯಚೂರಿನ ಹೊಲದಲ್ಲಿ ಅವಳಿಗೆ ಆ ಸ್ಥಾನವಿರಲಿಲ್ಲ. ಒಬ್ಬಳೇ ಮಗಳು, ಒಂದೇ ಮನೆ, ನಡುವೆ ಒಂದು ಹೊಳೆ!

ಈ ಭೇದವನ್ನು ಅಳಿಸಿದುದು ಕೇಂದ್ರದ ತಿದ್ದುಪಡಿ. 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವಳು, ಆಗದವಳು ಎಂಬ ವಿಂಗಡಣೆಯೇ ಹೋಯಿತು. ಆದರೂ ಒಂದು ಸಂಶಯ ಉಳಿದಿತ್ತು: ಆ ದಿನಕ್ಕೆ ತಂದೆ ಬದುಕಿರಬೇಕೆ? ಬದುಕಿರಲೇಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2018ರಲ್ಲಿ, 2001ರಲ್ಲಿಯೇ ತಂದೆ ತೀರಿಹೋಗಿದ್ದ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದ ಹೋದ ವ್ಯಾಜ್ಯಗಳೇ. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು, ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆದ ಪಾಲು, ಮಾರಾಟಗಳು ಮಾತ್ರ ಹಾಗೆಯೇ ನಿಲ್ಲುತ್ತವೆ. ಬಾಯಿಮಾತಿನ ಪಾಲು ಎಂದೋ ಆಗಿಹೋಗಿದೆಯೆಂಬ ವಾದಕ್ಕೆ ಸರಕಾರಿ ದಾಖಲೆಯ ಬಲವಿಲ್ಲದಿದ್ದರೆ ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ತಂದೆಯ ಸ್ವಯಾರ್ಜಿತದ ಮಾತು ಬೇರೆ. ಅದನ್ನು ಅವನು ಮರಣಶಾಸನದ ಮೂಲಕ ಬೇಕಾದವರಿಗೆ ಕೊಡಬಹುದು.

ಹಕ್ಕು ಕಾಗದದ ಮೇಲೆ ಬಂದರೂ ಪಹಣಿಯಲ್ಲಿ ಹೆಸರು ಬರಬೇಕಲ್ಲವೆ? ತೆಲಂಗಾಣದಲ್ಲಿ 2020ರ ಪಟ್ಟಾ ಪಾಸ್‌ಬುಕ್ ಕಾಯಿದೆಯೊಡನೆ ‘ಧರಣಿ’ ವ್ಯವಸ್ಥೆ ಬಂದಾಗ ತಹಸೀಲ್ದಾರರ ಆದೇಶದ ಮೇಲೆ ಕಂದಾಯ ಅಧಿಕಾರಿಗಳಲ್ಲಿಯೇ ಅಪೀಲು ಹೋಗುವ ದಾರಿ ಮುಚ್ಚಿತು. ಹೆಸರು ಬಿಟ್ಟುಹೋದ ಮಗಳು ದಿವಾನಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿತ್ತು. 2025ರ ಏಪ್ರಿಲ್ 14ರಿಂದ ಜಾರಿಗೆ ಬಂದ ‘ಭೂಭಾರತಿ’ ಕಾಯಿದೆ ಈ ದಾರಿಯನ್ನು ಮತ್ತೆ ತೆರೆದಿದೆ. ವಿರಾಸತ್ ಅರ್ಜಿ ಬಂದರೆ ವಾರಸುದಾರರಿಗೆ ನೋಟಿಸು ಕೊಟ್ಟು ವಿಚಾರಿಸಬೇಕು; ಆದೇಶ ಒಪ್ಪಿಗೆಯಾಗದಿದ್ದರೆ ಆರ್.ಡಿ.ಓ. ಬಳಿಗೂ ಅಲ್ಲಿಂದ ಕಲೆಕ್ಟರರ ಬಳಿಗೂ ಹೋಗಬಹುದು. ಇದನ್ನು ಮೊದಲು ಪ್ರಯೋಗಿಸಿ ನೋಡಿದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು.

ಪಂಚಾಯತಿಯ ವಿಷಯದಲ್ಲಿಯೂ ಗಡಿಯ ಗೆರೆ ಕಾಣುತ್ತದೆ. ಇಬ್ಬರಿಗಿಂತ ಹೆಚ್ಚು ಮಕ್ಕಳಿರುವವರು ಸ್ಪರ್ಧಿಸಬಾರದೆಂಬ ನಿಯಮ ಆಂಧ್ರದ 1994ರ ಕಾಯಿದೆಯಿಂದ ಬಂದು ತೆಲಂಗಾಣದ 2018ರ ಕಾಯಿದೆಯಲ್ಲಿಯೂ ಉಳಿದಿತ್ತು; ಅದನ್ನು ತೆಗೆದುಹಾಕಲು ಮಂತ್ರಿಮಂಡಲ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಕರ್ನಾಟಕದಲ್ಲಿದ್ದ ಅಣ್ಣನಿಗೆ ಈ ತೊಡಕಿರಲಿಲ್ಲ. ಪಟ್ಟಣಗಳ ಮಟ್ಟಿಗೆ ಹೇಳುವುದಾದರೆ, 75 ಚದರ ಗಜದವರೆಗಿನ ನಿವೇಶನದಲ್ಲಿ ಚಿಕ್ಕ ಮನೆ ಕಟ್ಟುವವರಿಗೆ ಅನುಮತಿ ಬೇಕಿಲ್ಲ, 1 ರೂಪಾಯಿ ಕೊಟ್ಟು ನೋಂದಾಯಿಸಿದರೆ ಸಾಕು. ಇಕ್ಕಟ್ಟಿನ ಓಣಿಗಳಲ್ಲಿರುವ ನೇಕಾರರಿಗೆ ಇದು ಉಪಯುಕ್ತ.

ನೇಕಾರರ ಮಾತು ಬಂದುದರಿಂದ ಇನ್ನೊಂದು. ಸೂಕ್ಷ್ಮ ಅಥವಾ ಸಣ್ಣ ಉದ್ಯಮದವರಿಂದ ಕೊಂಡ ಮಾಲಿಗೆ ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. 2023-24ರ ಲೆಕ್ಕದ ವರ್ಷದಿಂದ ಹಾಗೆ ಕೊಡದ ವರ್ತಕನು ಆ ಖರ್ಚನ್ನು ಹಣ ಕೊಟ್ಟ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ನಾರಾಯಣಪೇಟೆ, ಗದ್ವಾಲ ಸೀರೆಗಳನ್ನು ಉದ್ದರಿ ಕೊಟ್ಟು ತಿಂಗಳುಗಟ್ಟಲೆ ಕಾಯುವವರು ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ ಇದು ಕೈಯಲ್ಲಿ ಹಿಡಿಯಬಹುದಾದ ಕೋಲು.

ಇಷ್ಟಾದರೂ ನೋಟಿಸು ಬರುವುದು ತೆಲುಗಿನಲ್ಲಿ ಇಲ್ಲವೆ ಇಂಗ್ಲೀಷಿನಲ್ಲಿ. ನಮ್ಮ ಹಿರಿಯರು ಕಬ್ಜಾ, ವಿರಾಸತ್, ದಸ್ತಾವೇಜು ಎಂಬ ನಿಜಾಮರ ಕಾಲದ ಮಾತುಗಳನ್ನು ಬಲ್ಲರು. ತೆಲುಗು ಲಿಪಿ ಕನ್ನಡಕ್ಕೆ ಹತ್ತಿರವಾದ್ದರಿಂದ ಅಕ್ಷರ ಕೂಡಿಸಿ ಓದಿಯೂ ಓದಿಯಾರು. ಆದರೆ ಓದಿದ ವಾಕ್ಯದಿಂದ ಹಕ್ಕು ಬರುತ್ತದೆಯೋ ಹೋಗುತ್ತದೆಯೋ ತಿಳಿಯದು. ಹಬ್ಬಕ್ಕೆ ತವರಿಗೆ ಬಂದ ಮಗಳು ಸೀರೆ ಕುಪ್ಪಸ ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತುವುದು ಹೀಗೆಯೇ. ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ತಿಳಿಯದೆ ಒತ್ತಿದರೆ ಅದನ್ನು ಬಿಡಿಸಲು ವರ್ಷಗಳು ಬೇಕು. ಆದುದರಿಂದ ಇಂಥ ಕಾಗದ ಹಿಡಿದು ಯಾರಾದರೂ ಶಾಲೆಯ ಬಾಗಿಲಿಗೆ ಬಂದರೆ, ಹೊಲ ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಪಾಲು ಯಾವ ವರ್ಷ ಯಾವ ದಾಖಲೆಯಲ್ಲಿ ಆಯಿತು, ಅಕ್ಕತಂಗಿಯರ ಹೆಸರು ಅರ್ಜಿಯಲ್ಲಿ ಇದೆಯೋ ಎಂದು ಕೇಳಿ ನೋಡಬೇಕು.

ಅರ್ಜಿಯನ್ನು ಕನ್ನಡದಲ್ಲಿ ಬರೆದರೆ ನಡೆಯುವುದೇ ಎಂದು ಹಲವರು ಕೇಳುತ್ತಾರೆ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗಾದರೆ ದೇಶದಲ್ಲಿ, ರಾಜ್ಯದ ಅಧಿಕಾರಿಗಾದರೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದರಲ್ಲಿ ಇಲ್ಲ. ಬಂದ ಉತ್ತರವನ್ನು ಓದಿ ಹೇಳುವ ಕೆಲಸ ಮತ್ತೆ ನಮ್ಮ ಮೇಲೆಯೇ ಬೀಳುತ್ತದೆ.