ವಾಲ್ವಿನ ಹುಟ್ಟೂರು ಹುಡುಕುವ ಬಗೆ

ಹಳೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿದರೆ ಒಳಗೆ ಸಾಲಾಗಿ ನಿಂತ ಗಾಜಿನ ಬುರುಡೆಗಳು ಕಾಣುತ್ತವೆ. ಒಂದರ ಮೇಲೆ ‘ಮಲ್ಲಾರ್ಡ್’, ಇನ್ನೊಂದರ ಮೇಲೆ ‘ಫಿಲಿಪ್ಸ್’, ಮತ್ತೊಂದರ ಮೇಲೆ ‘ಬಿಇಎಲ್’ ಎಂದು ಅಚ್ಚಾಗಿರುತ್ತದೆ. ಹೆಸರೇ ಇದ್ದ ಮೇಲೆ ತಯಾರಿಸಿದವರು ಯಾರೆಂಬ ಪ್ರಶ್ನೆ ಏಳಬಾರದು ಎನಿಸುವುದು ಸಹಜ. ಆದರೆ ವಾಲ್ವ್‌ಗಳ ಲೋಕದಲ್ಲಿ ಮೇಲಿನ ಹೆಸರು ಮಾರಿದವರದು, ಮಾಡಿದವರದೇ ಆಗಿರಬೇಕೆಂದಿಲ್ಲ. ಬುರುಡೆಯ ಮೇಲಿನ ಹೆಸರು ಕೆಲವೊಮ್ಮೆ ಬರೀ ಬುರುಡೆಯೂ ಆಗಿರಬಹುದು.

ಇದು ಈಗ ಹಣದ ಪ್ರಶ್ನೆಯೂ ಹೌದು. ಸಂಗೀತ ಕೇಳಲು ವಾಲ್ವ್ ಆಂಪ್ಲಿಫೈಯರನ್ನೇ ಬಯಸುವ ರಸಿಕರು ಜಗತ್ತಿನಾದ್ಯಂತ ಇದ್ದಾರೆ. ಒಂದೇ ನಮೂನೆಯ ಎರಡು ಹಳೆಯ ವಾಲ್ವ್‌ಗಳಲ್ಲಿ ಹೆಸರಾಂತ ಕಾರ್ಖಾನೆಯದಕ್ಕೆ ಇನ್ನೊಂದರ ಹಲವು ಪಟ್ಟು ಬೆಲೆ ಸಿಗುತ್ತದೆ. ಹೆಸರಾದರೋ ಗಾಜಿನ ಮೇಲಿನ ಬರೀ ಬಣ್ಣದ ಅಚ್ಚು. ಒದ್ದೆ ಬಟ್ಟೆಯಿಂದ ಉಜ್ಜಿದರೆ ಅಳಿಯುತ್ತದೆ, ಅಷ್ಟೇ ಸುಲಭವಾಗಿ ಹೊಸದನ್ನು ಒತ್ತಲೂಬಹುದು. ಹೀಗಾಗಿ ಅಳಿಸಲಾಗದ ಗುರುತುಗಳನ್ನು ಓದುವುದೇ ಒಂದು ವಿದ್ಯೆಯಾಗಿ ಬೆಳೆದಿದೆ.

ವಾಲ್ವಿನ ಕೆಲಸ ಸರಳ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ಕ್ಯಾಥೋಡ್ ಇರುತ್ತದೆ. ಕಾದ ಕ್ಯಾಥೋಡ್‌ನಿಂದ ಹೊರಟ ಎಲೆಕ್ಟ್ರಾನುಗಳನ್ನು ಧನ ವಿದ್ಯುತ್ತಿನ ಪ್ಲೇಟ್ ಸೆಳೆದುಕೊಳ್ಳುತ್ತದೆ. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ ರೂಪಿಸಿದ ವಾಲ್ವಿನಲ್ಲಿ ಇದ್ದದ್ದು ಇವೆರಡೇ. ಕೆಲವೇ ವರ್ಷಗಳಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ತಂತಿಯ ಗ್ರಿಡ್ ಇರಿಸಿದ. ಗ್ರಿಡ್‌ಗೆ ಕೊಟ್ಟ ಅತ್ಯಲ್ಪ ಸಂಕೇತ ಪ್ಲೇಟಿನ ಕಡೆ ಹರಿಯುವ ದೊಡ್ಡ ಪ್ರವಾಹವನ್ನು ಹತೋಟಿಯಲ್ಲಿಡುತ್ತದೆ. ಕಾಲುವೆಯ ತೂಬು ತುಸುವೇ ಎತ್ತಿದರೂ ನೀರಿನ ಹರಿವು ಬಹಳ ಬದಲಾಗುವ ಹಾಗೆ. ಪಿಸುಮಾತು ಗಟ್ಟಿದನಿಯಾಗುವುದು ಈ ಕ್ರಿಯೆಯಿಂದಲೇ.

ಕ್ಯಾಥೋಡ್ ಮೇಲಿನ ಲೇಪ, ಗ್ರಿಡ್ ತಂತಿಯ ಸುತ್ತುಗಳ ಅಂತರ, ಒಳಗಿನ ನಿರ್ವಾತದ ಶುದ್ಧತೆ ಎಲ್ಲವೂ ವಾಲ್ವಿನ ಗುಣವನ್ನು ನಿರ್ಧರಿಸುತ್ತವೆ. ಕಾರ್ಖಾನೆಯಿಂದ ಕಾರ್ಖಾನೆಗೆ ಕೆಲಸದ ಶಿಸ್ತು ಬೇರೆಯಾದರೆ ವಾಲ್ವಿನ ಗದ್ದಲ, ಬಾಳಿಕೆ, ಜೋಡಿಯ ಹೊಂದಾಣಿಕೆ ಬೇರೆಯಾಗುತ್ತವೆ. ತಯಾರಕ ಯಾರೆಂದು ಕೇಳುವುದಕ್ಕೆ ಇದು ಕಾರಣ.

ಹೆಸರು ಒಬ್ಬರದು, ಕೆಲಸ ಇನ್ನೊಬ್ಬರದು

ಯಾವ ಕಂಪನಿಯೂ ಎಲ್ಲ ನಮೂನೆಯ ವಾಲ್ವ್‌ಗಳನ್ನು ತಾನೇ ಮಾಡುತ್ತಿರಲಿಲ್ಲ. ತನ್ನಲ್ಲಿ ಇಲ್ಲದ್ದನ್ನು ಪ್ರತಿಸ್ಪರ್ಧಿಯಿಂದ ಕೊಂಡು ತನ್ನ ಹೆಸರು ಒತ್ತಿ ಮಾರುವುದು ಸಾಮಾನ್ಯ ಪದ್ಧತಿಯಾಗಿತ್ತು. ಆರ್ಗನ್ ತಯಾರಿಸುತ್ತಿದ್ದ ಹ್ಯಾಮಂಡ್, ಗಿಟಾರ್ ಆಂಪ್ಲಿಫೈಯರುಗಳ ಫೆಂಡರ್ ಮುಂತಾದವರು ಬೇರೆಯವರ ವಾಲ್ವ್‌ಗಳನ್ನು ತಮ್ಮ ಹೆಸರಿನಲ್ಲಿ ಕೊಡುತ್ತಿದ್ದರು. ಅಮೆರಿಕದ ಆಂಪೆರೆಕ್ಸ್ ಕಂಪನಿ 1955ರಲ್ಲಿ ಫಿಲಿಪ್ಸ್‌ನ ಕೈಸೇರಿತು. ತುತ್ತೂರಿ ಊದುವ ವಾಲ್ವಿನ ವ್ಯಂಗ್ಯಚಿತ್ರವಿರುವ ಆಂಪೆರೆಕ್ಸ್ ಬುರುಡೆಗಳಿಗೆ ಇಂದಿಗೂ ಬಹಳ ಬೇಡಿಕೆ. ಅವುಗಳಲ್ಲಿ ಹೆಚ್ಚಿನವು ತಯಾರಾದದ್ದು ಹಾಲೆಂಡಿನಲ್ಲಿ.

ವಾಲ್ವಿನ ನಮೂನೆಯ ಹೆಸರು ತಯಾರಕನನ್ನು ಹೇಳುವುದಿಲ್ಲ, ವಾಲ್ವಿನ ಜಾತಿಯನ್ನಷ್ಟೇ ಹೇಳುತ್ತದೆ. ‘ಇಸಿಸಿ 83’ ಎಂಬುದನ್ನೇ ನೋಡಿ. ಯುರೋಪಿನ ಈ ಕ್ರಮದಲ್ಲಿ ‘ಇ’ ಎಂದರೆ ಒಳಗಿನ ಹೀಟರ್‌ಗೆ 6.3 ವೋಲ್ಟ್ ಬೇಕು. ‘ಸಿ’ ಎಂದರೆ ಟ್ರಯೋಡ್, ಎರಡು ‘ಸಿ’ ಇದ್ದರೆ ಒಂದೇ ಬುರುಡೆಯಲ್ಲಿ ಎರಡು ಟ್ರಯೋಡ್. ‘8’ ಎಂದರೆ ಒಂಬತ್ತು ಪಿನ್ನಿನ ಸಣ್ಣ ತಳ. ಇದೇ ವಾಲ್ವಿಗೆ ಅಮೆರಿಕದಲ್ಲಿ ‘12ಎಎಕ್ಸ್7’ ಎಂಬ ಹೆಸರು. ಅಲ್ಲಿ 12 ಏಕೆ? ಹೀಟರಿನ ಎರಡು ಭಾಗಗಳನ್ನು ಸಮಾಂತರವಾಗಿ ಜೋಡಿಸಿದರೆ 6.3 ವೋಲ್ಟ್, ಒಂದರ ಹಿಂದೆ ಒಂದು ಜೋಡಿಸಿದರೆ 12.6 ವೋಲ್ಟ್ ಸಾಕು. ವಾಲ್ವ್ ಒಂದೇ, ಎಣಿಸುವ ರೀತಿ ಎರಡು.

ತಳದ ಸಾಲುಗಳು

ತಯಾರಕನ ನಿಜವಾದ ಸಹಿ ಇರುವುದು ಗಾಜಿನ ಕೆಳ ಅಂಚಿನಲ್ಲಿ. 1950ರ ದಶಕದ ನಡುಭಾಗದಿಂದ ಫಿಲಿಪ್ಸ್ ಬಳಗದ ಕಾರ್ಖಾನೆಗಳು ಅಲ್ಲಿ ಎರಡು ಸಾಲಿನ ಸಣ್ಣ ಸಂಕೇತ ಬರೆಯತೊಡಗಿದವು. ಮೊದಲ ಸಾಲು ವಾಲ್ವಿನ ನಮೂನೆಯನ್ನೂ ಅದರ ವಿನ್ಯಾಸ ಎಷ್ಟನೇ ಬಾರಿ ಬದಲಾಯಿತೆಂಬುದನ್ನೂ ಹೇಳುತ್ತದೆ. ಎರಡನೆಯ ಸಾಲಿನ ಮೊದಲ ಅಕ್ಷರ ಕಾರ್ಖಾನೆಯದು. ‘ಬಿ’ ಇದ್ದರೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್, ‘ಆರ್’ ಇದ್ದರೆ ಲಂಡನ್ ಬಳಿಯ ಮಿಚಮ್, ‘ಡಿ’ ಇದ್ದರೆ ಜರ್ಮನಿಯ ಹ್ಯಾಂಬರ್ಗ್, ತ್ರಿಕೋನವಿದ್ದರೆ ಹಾಲೆಂಡಿನ ಹೀರ್ಲೆನ್. ಮುಂದಿನ ಅಂಕಿ ವರ್ಷದ ಕೊನೆಯ ಅಂಕಿ, ಅದರ ಮುಂದಿನ ಅಕ್ಷರ ತಿಂಗಳು, ಕೊನೆಯದು ವಾರ. ‘ಬಿ 2 ಡಿ 3’ ಎಂದಿದ್ದರೆ ಬ್ಲ್ಯಾಕ್‌ಬರ್ನ್ ಕಾರ್ಖಾನೆ, ‘2’ರಲ್ಲಿ ಕೊನೆಗೊಳ್ಳುವ ವರ್ಷ, ಏಪ್ರಿಲ್ ತಿಂಗಳು, ಮೂರನೇ ವಾರ. ಅದು 1962ರದೋ 1972ರದೋ ಎಂಬುದನ್ನು ಮೊದಲ ಸಾಲಿನ ಬದಲಾವಣೆಯ ಅಂಕಿ ಮತ್ತು ಒಳಗಿನ ರಚನೆ ನೋಡಿ ನಿರ್ಧರಿಸಬೇಕು.

ಜರ್ಮನಿಯ ಟೆಲಿಫುಂಕನ್ ಇನ್ನೂ ಸುಲಭದ ದಾರಿ ಹಿಡಿದಿತ್ತು. ಅದರ ಅನೇಕ ವಾಲ್ವ್‌ಗಳ ತಳದ ಗಾಜಿನಲ್ಲಿ ಪಿನ್ನುಗಳ ನಡುವೆ ಪುಟ್ಟ ವಜ್ರಾಕೃತಿ ಮೂಡಿರುತ್ತದೆ. ಇದು ಬಣ್ಣದ ಅಚ್ಚಲ್ಲ. ಗಾಜು ಬಿಸಿಯಿದ್ದಾಗ ಒತ್ತಿದ್ದು. ಯುಗೋಸ್ಲಾವಿಯದ ನಿಶ್ ನಗರದಲ್ಲಿ ತಯಾರಾದ ಇಸಿಸಿ 83 ವಾಲ್ವ್‌ಗಳ ನಯವಾದ ಪ್ಲೇಟುಗಳು ಟೆಲಿಫುಂಕನ್‌ನದನ್ನೇ ಹೋಲುತ್ತವೆ. ಅಂಥಲ್ಲಿ ತೀರ್ಪು ಹೇಳುವುದು ವಜ್ರದ ಗುರುತೇ.

ಅಮೆರಿಕದಲ್ಲಿ ಕಾರ್ಖಾನೆಗಳಿಗೆ ಮೂರಂಕಿಯ ಸಂಖ್ಯೆ ಕೊಡಲಾಗಿತ್ತು. ಆರ್‌ಸಿಎಗೆ 274, ಜನರಲ್ ಎಲೆಕ್ಟ್ರಿಕ್‌ಗೆ 188, ಸಿಲ್ವೇನಿಯಾಗೆ 312, ಟಂಗ್‌ಸಾಲ್‌ಗೆ 322. ಇದರ ಮುಂದಿನ ಅಂಕಿಗಳು ವರ್ಷ ಮತ್ತು ವಾರವನ್ನು ಸೂಚಿಸುತ್ತವೆ. ದೊಡ್ಡ ಅಕ್ಷರದಲ್ಲಿ ಯಾರ ಹೆಸರೇ ಇರಲಿ, 274 ಕಂಡರೆ ವಾಲ್ವ್ ಆರ್‌ಸಿಎಯದು.

ಒಳಗಿನ ಸಾಕ್ಷಿ

ಸಂಕೇತವೂ ಅಳಿಸಿಹೋಗಿದ್ದರೆ ವಾಲ್ವಿನ ಒಡಲನ್ನೇ ನೋಡಬೇಕಾಗುತ್ತದೆ. ಬುರುಡೆಯೊಳಗೆ ಕನ್ನಡಿಯಂಥ ಬೆಳ್ಳಿಯ ಹೊಳಪು ಕಾಣುವುದು ಗೆಟರ್‌ನಿಂದ. ತಯಾರಿಕೆಯ ಕೊನೆಯಲ್ಲಿ ಅದರಲ್ಲಿರುವ ಬೇರಿಯಂ ಲೋಹವನ್ನು ಕಾಯಿಸಿ ಆವಿಯಾಗಿಸುತ್ತಾರೆ. ಗಾಜಿಗೆ ಅಂಟಿಕೊಂಡ ಆ ಲೋಹ ಉಳಿದ ಅನಿಲವನ್ನು ಹೀರಿಕೊಳ್ಳುತ್ತದೆ. ಗಾಜು ಬಿರುಕುಬಿಟ್ಟು ಗಾಳಿ ನುಗ್ಗಿದರೆ ಹೊಳಪು ಹಾಲಿನಂತೆ ಬೆಳ್ಳಗಾಗುತ್ತದೆ. ಆ ವಾಲ್ವ್ ಸತ್ತಿತೆಂದೇ ಲೆಕ್ಕ. ಗೆಟರ್‌ನ ಚೌಕಟ್ಟು ಕೆಲವದರಲ್ಲಿ ಇಂಗ್ಲಿಷಿನ ‘ಡಿ’ ಆಕಾರ, ಕೆಲವದರಲ್ಲಿ ಚೌಕ, ಕೆಲವದರಲ್ಲಿ ಉಂಗುರ. ಪ್ಲೇಟು ಉದ್ದವೋ ಗಿಡ್ಡವೋ, ಏಣುಗಳಿವೆಯೋ ನಯವೋ, ತಲೆಯ ಗಾಜಿನಲ್ಲಿ ಅಚ್ಚಿನ ಗೆರೆಗಳಿವೆಯೋ ಎಂಬುದೂ ಸಾಕ್ಷಿಯೇ. ಬಣ್ಣದ ಹೆಸರನ್ನು ಯಾರೂ ಒತ್ತಬಹುದು; ಬುರುಡೆ ಒಡೆಯದೆ ಒಳಗಿನ ಪ್ಲೇಟನ್ನು ಯಾರೂ ಬದಲಿಸಲಾರರು.

ಬೆಂಗಳೂರಿನ ವಾಲ್ವ್

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಹಾಲೆಂಡಿನ ಫಿಲಿಪ್ಸ್‌ನಿಂದ ತಂತ್ರಜ್ಞಾನ ಪಡೆದು 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಹೊರದೇಶದಿಂದ ತರಿಸಬೇಕಾಗಿದ್ದ ವಸ್ತುವಿಗೆ ಜಾಲಹಳ್ಳಿಯ ವಿಳಾಸ ಬಂತು. ಮರುವರ್ಷವೇ ಸಂಸ್ಥೆ ಅದೇ ಫಿಲಿಪ್ಸ್ ನೆರವಿನಿಂದ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೂ ಕೈಹಾಕಿತು. ವಾಲ್ವ್‌ನ ಮನೆಗೆ ವಾಲ್ವನ್ನು ಮೂಲೆಗೊತ್ತುವ ಟ್ರಾನ್ಸಿಸ್ಟರ್ ಬರಲು ಒಂದೇ ವರ್ಷ ಸಾಕಾಯಿತು.

ಟ್ರಾನ್ಸಿಸ್ಟರ್ ಹಬ್ಬಿದಂತೆ ಪಶ್ಚಿಮದ ಕಾರ್ಖಾನೆಗಳು ಒಂದೊಂದಾಗಿ ವಾಲ್ವ್ ನಿಲ್ಲಿಸಿದವು. ಹೆಸರುಗಳು ಮಾತ್ರ ಸಾಯಲಿಲ್ಲ. ಅಮೆರಿಕದ ನ್ಯೂ ಸೆನ್ಸರ್ ಕಂಪನಿ ಮಲ್ಲಾರ್ಡ್, ಟಂಗ್‌ಸಾಲ್, ಜಿನಲೆಕ್ಸ್ ಗೋಲ್ಡ್ ಲಯನ್ ಎಂಬ ಹೆಸರುಗಳ ಹಕ್ಕು ಪಡೆದು, ರಷ್ಯದ ಸರಾತೋವ್ ನಗರದಲ್ಲಿ ತಯಾರಿಸಿದ ಹೊಸ ವಾಲ್ವ್‌ಗಳಿಗೆ ಅವನ್ನು ಇಟ್ಟಿತು. ಇದು ಮೋಸವಲ್ಲ, ಹಕ್ಕು ಕೊಂಡ ವ್ಯಾಪಾರ. ಆದರೆ ಆ ಮಲ್ಲಾರ್ಡ್‌ಗೂ ಬ್ಲ್ಯಾಕ್‌ಬರ್ನ್‌ನ ಕುಲುಮೆಗೂ ಸಂಬಂಧವಿಲ್ಲ. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದ ಬೆನ್ನಲ್ಲೇ ರಷ್ಯ ರಫ್ತಿಗೆ ತಡೆ ಹಾಕಿದಾಗ, ಬ್ರಿಟಿಷ್ ಮತ್ತು ಅಮೆರಿಕನ್ ಹೆಸರು ಹೊತ್ತ ವಾಲ್ವ್‌ಗಳು ಅಂಗಡಿಗಳಿಂದ ಮಾಯವಾಗತೊಡಗಿದವು. ಅವು ಎಲ್ಲಿಂದ ಬರುತ್ತಿದ್ದವೆಂದು ಅನೇಕ ಗಿರಾಕಿಗಳಿಗೆ ತಿಳಿದದ್ದೇ ಆಗ.

ಕಾರ್ಖಾನೆಯ ಹೆಸರು ತಿಳಿದ ಮಾತ್ರಕ್ಕೆ ವಾಲ್ವ್ ಒಳ್ಳೆಯದೆಂದು ಅರ್ಥವಲ್ಲ. ಕ್ಯಾಥೋಡ್ ಸವೆದ ಬ್ಲ್ಯಾಕ್‌ಬರ್ನ್ ವಾಲ್ವಿಗಿಂತ ಬಳಸದೆ ಉಳಿದ ಜಾಲಹಳ್ಳಿಯ ವಾಲ್ವ್ ಮೇಲು. ಗುರುತು ಹೇಳುವುದು ಹುಟ್ಟೂರನ್ನು; ಆರೋಗ್ಯ ತಿಳಿಯಲು ಪರೀಕ್ಷಾ ಯಂತ್ರಕ್ಕೇ ಹಾಕಬೇಕು. ಮೂಲೆಯಲ್ಲಿ ಹಳೆಯ ವಾಲ್ವ್ ರೇಡಿಯೋ ಉಳಿಸಿಕೊಂಡವರು ಒಂದು ಎಚ್ಚರ ವಹಿಸುವುದು ಒಳ್ಳೆಯದು. ಧೂಳು ತೆಗೆಯುವ ಹುರುಪಿನಲ್ಲಿ ಗಾಜನ್ನು ತಿಕ್ಕಿ ತೊಳೆಯಬಾರದು. ತಳದಲ್ಲಿ ಮಂಕಾಗಿ ಕಾಣುವ ಆ ಎರಡು ಸಾಲುಗಳು ಒಮ್ಮೆ ಅಳಿದರೆ, ಆ ವಾಲ್ವ್ ಯಾವ ಊರಿನಲ್ಲಿ, ಯಾವ ವಾರ ಹುಟ್ಟಿತೆಂದು ಹೇಳಬಲ್ಲವರು ಮತ್ತೆ ಸಿಗುವುದಿಲ್ಲ.