ಹಳೆಯ ಟ್ರ್ಯಾಕ್ಟರ್ ಖರೀದಿ: ಎಂಜಿನ್ ಸವೆತದ ಲೆಕ್ಕ

ಇಟ್ಟಿಗೆ ಗೂಡು, ಅಕ್ಕಿ ಗಿರಣಿ ಮೊದಲಾದ ಉದ್ದಿಮೆಗಳ ಸಾಗಾಟಕ್ಕೆ ಹಳೆಯ ಡೀಸೆಲ್ ಟ್ರ್ಯಾಕ್ಟರ್ ಕೊಳ್ಳುವವರು ಸಾಮಾನ್ಯವಾಗಿ ಬಣ್ಣ ಮತ್ತು ಟೈರುಗಳನ್ನು ನೋಡಿ ಬೆಲೆ ಕುದುರಿಸುತ್ತಾರೆ. ಹಣ ಮುಳುಗುವುದು ಮಾತ್ರ ಎಂಜಿನ್ನಿನಲ್ಲಿ. ಲೈನರ್, ಪಿಸ್ಟನ್, ರಿಂಗುಗಳನ್ನು ಬದಲಿಸುವ ಪ್ರಸಂಗ ಬಂದರೆ ಚೌಕಾಸಿಯಲ್ಲಿ ಉಳಿಸಿದ ಮೊತ್ತ ಕರಗುವುದಲ್ಲದೆ, ಹಂಗಾಮಿನ ನಡುವೆಯೇ ವಾಹನ ನಿಂತುಹೋಗುತ್ತದೆ.

ಆವರ್ ಮೀಟರನ್ನೇ ನಂಬುವಂತಿಲ್ಲ. ಹಳೆಯ ಮಾದರಿಗಳ ಯಾಂತ್ರಿಕ ಮೀಟರು, ಎಂಜಿನ್ ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಸರಿಯಾದ ಗಂಟೆಯನ್ನು ತೋರಿಸುತ್ತದೆ. ನಿಧಾನಗತಿಯಲ್ಲಿ ಕಡಿಮೆ ತೋರಿಸುತ್ತದೆ. ಕೇಬಲ್ ಕಳಚಿದ್ದರಂತೂ ಕೇಳುವುದೇ ಬೇಡ. ಕ್ಲಚ್ ಪೆಡಲಿನ ಸವೆತ ಮತ್ತು ಟ್ರೇಲರ್ ಕೊಕ್ಕೆಯ ರಂಧ್ರದ ಅಗಲ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿಗಳು.

ಪರೀಕ್ಷೆಗೆ ಬೆಳಗಿನ ಹೊತ್ತು ಹೋಗುವುದು ಒಳಿತು. ಮೊದಲು ಎಂಜಿನ್ನನ್ನು ಮುಟ್ಟಿ ನೋಡಬೇಕು. ಅದು ಬೆಚ್ಚಗಿದ್ದರೆ ಮಾರುವವರು ಮುಂಚೆಯೇ ಚಾಲೂ ಮಾಡಿದ್ದಾರೆಂದು ತಿಳಿಯಬೇಕು. ತಣ್ಣನೆಯ ಎಂಜಿನ್ ಮಾತ್ರ ತನ್ನ ದೌರ್ಬಲ್ಯವನ್ನು ಬಯಲುಮಾಡುತ್ತದೆ. ಹೊಗೆಯಲ್ಲಿಯೂ ಭೇದವುಂಟು. ಭಾರ ಹೇರಿದಾಗ ಬರುವ ಕಪ್ಪು ಹೊಗೆಗೆ ಕಟ್ಟಿದ ಏರ್ ಫಿಲ್ಟರ್ ಅಥವಾ ಕೆಟ್ಟ ಇಂಜೆಕ್ಟರ್ ಕಾರಣವಿರಬಹುದು. ಅದು ಅಲ್ಪ ವೆಚ್ಚದ ದುರಸ್ತಿ. ನಿರಂತರ ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯೇರಿದ ಬಳಿಕ ಆಯಿಲ್ ಹಾಕುವ ಮುಚ್ಚಳವನ್ನು ತೆರೆದಾಗ ಹೊಗೆ ರಭಸದಿಂದ ನುಗ್ಗಿದರೆ, ರಿಂಗು ಮತ್ತು ಲೈನರ್ ಸವೆದಿರುವ ಶಂಕೆ ಬಲಗೊಳ್ಳುತ್ತದೆ. ಆಗ ಮೆಕ್ಯಾನಿಕ್‌ನಿಂದ ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಬೇಕು. ಸಿಲಿಂಡರುಗಳ ನಡುವಿನ ಅಂತರವೂ ಗಮನಾರ್ಹ.

ಆಯಿಲ್ ಪ್ರೆಶರನ್ನು ಅರ್ಧ ಗಂಟೆ ದುಡಿಸಿದ ಮೇಲೆ ನೋಡಬೇಕು, ಏಕೆಂದರೆ ತಣ್ಣನೆಯ ದಪ್ಪ ಆಯಿಲ್ ಸವೆದ ಬೇರಿಂಗನ್ನೂ ಮರೆಮಾಚುತ್ತದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಏರ್ ಕ್ಲೀನರಿನ ಬಟ್ಟಲನ್ನು ಬಹುತೇಕರು ಬಿಚ್ಚಿಯೂ ನೋಡುವುದಿಲ್ಲ. ಅದರಲ್ಲಿ ಆಯಿಲ್ ಬತ್ತಿ ಕೆಸರು ಗಟ್ಟಿಯಾಗಿದ್ದರೆ, ಎಂಜಿನ್ ಧೂಳನ್ನು ಕುಡಿದೇ ದುಡಿದಿರುವ ಸಂಭವವಿದೆ. ಧೂಳಿನಷ್ಟು ಬೇಗ ಲೈನರನ್ನು ತಿನ್ನುವ ಶತ್ರು ವಿರಳ.

ದೋಷ ಕಂಡಾಕ್ಷಣ ವ್ಯವಹಾರ ಮುರಿಯಬೇಕಿಲ್ಲ. ಬಿಡಿಭಾಗ, ಲೇತ್ ಕೆಲಸ ಹಾಗೂ ಕೂಲಿಯ ಅಂದಾಜನ್ನು ಬರೆಸಿ, ಆ ಮೊತ್ತವನ್ನು ಬೆಲೆಯಲ್ಲಿ ಕಳೆಯುವಂತೆ ಕೇಳುವುದು ನ್ಯಾಯಸಮ್ಮತ. ಆರ್.ಸಿ. ಪುಸ್ತಕದಲ್ಲಿ ಬ್ಯಾಂಕಿನ ಹೈಪೋಥಿಕೇಷನ್ ನಮೂದಿದ್ದರೆ, ಫಾರಂ 35 ಕೈಸೇರುವವರೆಗೆ ಪೂರ್ಣ ಹಣ ಕೊಡಬಾರದು. ಉದ್ದಿಮೆಯ ಲೆಕ್ಕದಲ್ಲಿ ಕೊಳ್ಳುವವರು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಪಾವತಿಸುವುದು ಕ್ಷೇಮ: 2017ರ ಹಣಕಾಸು ಕಾಯ್ದೆ ತಂದ ನಿಯಮದಂತೆ, ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನೀಡಿದ ನಗದು ಆಸ್ತಿಯ ವೆಚ್ಚಕ್ಕೆ ಸೇರದು, ಅದರ ಮೇಲೆ ಸವಕಳಿಯೂ ದೊರೆಯದು.